ಕಾರಿನ ಎಂಜಿನು, ಮನೆಯಲ್ಲಿ ಕಟ್ಟಿದ ವಿಮಾನ: ವಿಮೆ ಕೊಡುವವರು ಯಾರು?

ಅಮೆರಿಕ ಸಂಯುಕ್ತ ಸಂಸ್ಥಾನದ ಮಿನೆಸೋಟ ಪ್ರಾಂತದಲ್ಲಿ ಚೆರಿ ಗ್ರೋವ್ ಎಂಬುದೊಂದು ಪುಟ್ಟ ಹಳ್ಳಿ. ಅಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಯಂತ್ರಕುಶಲಿಯೊಬ್ಬನಿದ್ದನು. ೧೯೨೯ರಲ್ಲಿ ಆತ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ, ಇಬ್ಬರು ಕುಳಿತುಕೊಳ್ಳಬಹುದಾದ ಒಂದು ವಿಮಾನವನ್ನು ಕಟ್ಟಿದನು. ವಿಮಾನಕ್ಕೆಂದೇ ತಯಾರಾದ ಎಂಜಿನನ್ನು ಕೊಳ್ಳಲು ಕೈತುಂಬ ಹಣ ಬೇಕು. ಫೋರ್ಡ್ ಕಂಪನಿಯ ‘ಎ’ ಮಾದರಿಯ ಮೋಟಾರು ಕಾರಿನ ಎಂಜಿನಾದರೋ ಊರೂರಿನಲ್ಲಿಯೂ ಸಿಕ್ಕುತ್ತಿತ್ತು. ನಲವತ್ತು ಅಶ್ವಶಕ್ತಿಯ ಆ ಎಂಜಿನನ್ನೇ ಪೀಟನ್‌ಪೋಲ್ ತನ್ನ ವಿಮಾನದ ಮೂತಿಗೆ ಬಿಗಿದು, ಅದರ ನೀರಿನ ರೇಡಿಯೇಟರನ್ನು ಮೇಲೆ ನಿಲ್ಲಿಸಿ, ಆಕಾಶಕ್ಕೆ ಏರಿದನು. ರೇಡಿಯೇಟರು ಚಾಲಕನ ಕಣ್ಣಿಗೆ ನೇರವಾಗಿ ಅಡ್ಡ ನಿಂತಿತ್ತು. ಮುಂದೇನಿದೆಯೆಂದು ನೋಡಬೇಕಾದರೆ ಕತ್ತನ್ನು ಪಕ್ಕಕ್ಕೆ ಚಾಚಬೇಕು. ಆದರೂ ವಿಮಾನ ಹಾರಿತು. ೧೯೩೨ರಲ್ಲಿ ಅದರ ನಕ್ಷೆಗಳು ಅಚ್ಚಾಗಿ ಹೊರಬಿದ್ದಮೇಲೆ ಅದನ್ನು ನೋಡಿಕೊಂಡು ತಮ್ಮ ತಮ್ಮ ಕೊಟ್ಟಿಗೆಗಳಲ್ಲಿ ವಿಮಾನ ಕಟ್ಟಲು ಹೊರಟವರು ಅನೇಕರು. ಆ ನಕ್ಷೆಯಂತೆ ಕಟ್ಟುವವರು ಇಂದಿಗೂ ಇದ್ದಾರೆ.

ಇಂದು ಅದೇ ಮಿನೆಸೋಟದಲ್ಲಿ ವಿಮಾನವೊಂದನ್ನು ನೋಂದಾಯಿಸಬೇಕಾದರೆ, ಅದರಿಂದ ಇತರರಿಗೆ ಆಗಬಹುದಾದ ಹಾನಿಯನ್ನು ತುಂಬಿಕೊಡುವ ವಿಮೆಯಿದೆಯೆಂದು ರುಜುವಾತು ತೋರಿಸಬೇಕು. ಅಮೆರಿಕದ ಕೇಂದ್ರ ಸರಕಾರವೇನೋ ಖಾಸಗಿ ವಿಮಾನದ ಒಡೆಯನಿಗೆ ಇಂಥ ಕಟ್ಟಳೆಯನ್ನು ವಿಧಿಸಿಲ್ಲ. ಆದರೆ ವಿಮಾನವನ್ನು ನಿಲ್ಲಿಸಲು ಷೆಡ್ಡನ್ನು ಬಾಡಿಗೆಗೆ ಕೊಡುವ ನಿಲ್ದಾಣದವರು ಅನೇಕ ಕಡೆ ವಿಮಾಪತ್ರವನ್ನು ಮೊದಲು ಕೇಳುತ್ತಾರೆ. ಐರೋಪ್ಯ ಒಕ್ಕೂಟವಂತೂ ೨೦೦೪ರ ನಿಯಮವೊಂದರಿಂದ ನೆಲದ ಮೇಲಿನ ಮೂರನೆಯವರ ಪರವಾದ ವಿಮೆಯನ್ನು ಕಡ್ಡಾಯ ಮಾಡಿದೆ.

ಹೀಗಿರಲು, ಹವ್ಯಾಸಕ್ಕಾಗಿ ವಿಮಾನ ಕಟ್ಟುವವನು ಎದುರಿಸಬೇಕಾದ ದೊಡ್ಡ ಪರೀಕ್ಷೆ ಯಾವುದು? ರೆಕ್ಕೆಯನ್ನು ಕೂಡಿಸುವುದೇ? ಸರಕಾರದ ತಪಾಸಣೆಯೇ? ಅಲ್ಲವೆನ್ನುತ್ತಾರೆ ಅನುಭವಿಗಳು. ಅಮೆರಿಕದ ಕಾನೂನು ಈ ವಿಷಯದಲ್ಲಿ ಬಹಳ ಉದಾರವಾದದ್ದು. ವಿನೋದಕ್ಕಾಗಿಯೋ ಕಲಿಕೆಗಾಗಿಯೋ ವಿಮಾನದ ಹೆಚ್ಚಿನ ಭಾಗವನ್ನು ಸ್ವಂತ ಕೈಯಿಂದ ಮಾಡಿದವನಿಗೆ ‘ಪ್ರಾಯೋಗಿಕ’ ಎಂಬ ವರ್ಗದಲ್ಲಿ ಹಾರಾಟದ ಪತ್ರ ದೊರೆಯುತ್ತದೆ. ಆ ಮಾತನ್ನು ಪ್ರಯಾಣಿಕನ ಕಣ್ಣಿಗೆ ಬೀಳುವಂತೆ ವಿಮಾನದ ಮೇಲೆ ಬರೆಸಬೇಕು, ಅಷ್ಟೆ. ಎಂಜಿನು ಯಾವುದಾದರೂ ಆಗಬಹುದು: ಕಾರಿನದು, ಹಿಮದ ಮೇಲೆ ಜಾರುವ ವಾಹನದ್ದು, ಪಿಸ್ಟನ್ನೇ ಇಲ್ಲದೆ ತ್ರಿಕೋನಾಕಾರದ ಚಕ್ರ ತಿರುಗುವ ವಾಂಕೆಲ್ ಜಾತಿಯದು, ಡೀಸೆಲಿನದು. ಸರಕಾರ ಬೇಡವೆನ್ನುವುದಿಲ್ಲ. ಬೇಡವೆನ್ನುವವನು ವಿಮೆಗಾರ.

ಆತನ ‘ಬೇಡ’ ಎಂಬ ಮಾತನ್ನು ಕೇಳಿ ಸಿಟ್ಟಾದವರಿಗೆ ಲೆಕ್ಕವಿಲ್ಲ. ಎಂಟು ಹತ್ತು ವರ್ಷ ಸಂಜೆ ಸಂಜೆಯೂ ರಜೆ ರಜೆಯೂ ದುಡಿದು, ಕಾರನ್ನು ಹಿಮದಲ್ಲಿ ಹೊರಗೆ ನಿಲ್ಲಿಸಿ ಗರಾಜನ್ನು ವಿಮಾನಕ್ಕೆ ಬಿಟ್ಟುಕೊಟ್ಟು, ಹೆಂಡತಿ ಮಕ್ಕಳ ಮಾತು ಕೇಳಿ, ಕೊನೆಗೆ ಯಂತ್ರ ಸಿದ್ಧವಾಯಿತೆಂದಾಗ ವಿಮಾ ಕಂಪನಿಯವರು ನಯವಾಗಿ ಪತ್ರ ಬರೆದು ಕೈಮುಗಿದರೆ ಯಾರಿಗೆ ತಾನೆ ಕೋಪ ಬಾರದು? ಆದರೆ ವಿಮೆಗಾರನೂ ಹುಚ್ಚನಲ್ಲ. ಆತನ ಲೆಕ್ಕವನ್ನು ಅರಿತುಕೊಂಡರೆ ಈ ಜಗಳದ ಸ್ವಾರಸ್ಯ ತಿಳಿಯುತ್ತದೆ.

ಜೊತೆಗಾರರಿಲ್ಲದ ಯಂತ್ರ

ಜೀವವಿಮೆಯ ಏಜೆಂಟರು ಮನೆಗೆ ಬಂದಾಗ ಮೊದಲು ಕೇಳುವುದು ವಯಸ್ಸನ್ನು. ಮೂವತ್ತು ವರ್ಷದ ಒಬ್ಬ ಗುಮಾಸ್ತ ಎಷ್ಟು ವರ್ಷ ಬಾಳುವನೆಂದು ವಿಮಾ ನಿಗಮಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮೂವತ್ತು ವರ್ಷದ ಒಂದು ಲಕ್ಷ ಮಂದಿಯಲ್ಲಿ ಈ ವರ್ಷ ಎಷ್ಟು ಮಂದಿ ತೀರಿಕೊಳ್ಳುವರೆಂಬುದು ಮಾತ್ರ ಅದಕ್ಕೆ ಸುಮಾರಾಗಿ ಗೊತ್ತಿದೆ. ಒಂದೊಂದಾಗಿ ನೋಡಿದಾಗ ಅನಿಶ್ಚಿತವಾದದ್ದು ರಾಶಿಯಾಗಿ ನೋಡಿದಾಗ ನಿಶ್ಚಿತಕ್ಕೆ ಹತ್ತಿರವಾಗುತ್ತದೆ ಎಂಬ ಈ ತತ್ವವನ್ನು ಸ್ವಿಸ್ ಗಣಿತಜ್ಞ ಯಾಕೋಬ್ ಬರ್ನೂಲಿ ಸಾಧಿಸಿ ತೋರಿಸಿದನು. ಆತ ತೀರಿಕೊಂಡ ಮೇಲೆ, ೧೭೧೩ರಲ್ಲಿ, ಅದು ಗ್ರಂಥರೂಪದಲ್ಲಿ ಪ್ರಕಟವಾಯಿತು. ವಿಮೆಯ ವ್ಯಾಪಾರವೆಲ್ಲ ನಿಂತಿರುವುದು ಈ ಒಂದು ಗೂಟದ ಮೇಲೆ.

ರಾಶಿಯಿಲ್ಲದ ಕಡೆ ವಿಮೆಗಾರ ಕುರುಡ. ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯವರು ವಿಮಾನಕ್ಕೆ ಮೊಟ್ಟಮೊದಲ ವಿಮಾಪತ್ರ ಬರೆದದ್ದು ೧೯೧೧ರಲ್ಲಿ. ಆಗ ಜಗತ್ತಿನಲ್ಲಿದ್ದ ವಿಮಾನಗಳೆಷ್ಟು, ಅವುಗಳ ಚರಿತ್ರೆಯೆಷ್ಟು? ಮರುವರ್ಷವೇ ವೈಮಾನಿಕ ಪ್ರದರ್ಶನವೊಂದರಲ್ಲಿ ಹವೆ ಕೆಟ್ಟು ವಿಮಾನಗಳು ಬಿದ್ದು ನಷ್ಟವಾಗಲು, ಶತಮಾನಗಳಿಂದ ಹಡಗುಗಳಿಗೆ ಧೈರ್ಯವಾಗಿ ವಿಮೆ ಕೊಡುತ್ತಿದ್ದ ಆ ಮಹನೀಯರೂ ಈ ವ್ಯಾಪಾರವನ್ನು ಕೆಲಕಾಲ ಕೈಬಿಟ್ಟರು.

ಮನೆಯಲ್ಲಿ ಕಟ್ಟುವ ವಿಮಾನಗಳಲ್ಲಿ ಇಂದು ‘ರಾಶಿ’ ಎನ್ನಬಹುದಾದದ್ದೂ ಉಂಟು. ಒರೆಗಾನ್ ಪ್ರಾಂತದ ರಿಚರ್ಡ್ ವಾನ್‌ಗ್ರೂನ್ಸ್‌ವೆನ್ ರೂಪಿಸಿದ ‘ಆರ್‌ವಿ’ ಎಂಬ ಸಣ್ಣ ಲೋಹದ ವಿಮಾನಗಳನ್ನು, ಬಿಡಿಭಾಗಗಳ ಪೆಟ್ಟಿಗೆ ತರಿಸಿ ಜೋಡಿಸಿ ಹಾರಿಸಿದವರ ಸಂಖ್ಯೆ ಹತ್ತು ಸಾವಿರವನ್ನು ಮೀರಿದೆ. ಅವುಗಳಲ್ಲಿ ಬಹುಪಾಲಿಗೆ ಲೈಕಮಿಂಗ್ ಕಂಪನಿಯ ಎಂಜಿನು. ಆ ಎಂಜಿನಾದರೋ ಕಾರ್ಖಾನೆಯಲ್ಲಿ ತಯಾರಾದ ಸಾವಿರಾರು ವಿಮಾನಗಳಲ್ಲಿ ದಶಕಗಳಿಂದ ಓಡುತ್ತಿರುವಂಥದು. ಅದು ಎಷ್ಟು ಗಂಟೆ ಬಾಳುತ್ತದೆ, ಎಲ್ಲಿ ಸೋಲುತ್ತದೆ, ಸೋತರೆ ಸರಿಮಾಡಲು ಎಷ್ಟು ಖರ್ಚು ಎಂಬುದೆಲ್ಲ ಕಡತದಲ್ಲಿದೆ. ಅಂಥ ವಿಮಾನದ ಒಡೆಯನು ವಿಮೆಗಾರನ ಬಾಗಿಲು ತಟ್ಟಿದರೆ ಆತ ಒಬ್ಬನೇ ಬಂದಂತಲ್ಲ. ಬೆನ್ನ ಹಿಂದೆ ಸಾವಿರಾರು ಜನರ ದಿಬ್ಬಣವೇ ಇರುತ್ತದೆ.

ಅದೇ ವಿಮಾನಕ್ಕೆ ಸುಬಾರು ಕಾರಿನ ಎಂಜಿನನ್ನೋ ಮಾಜ್ದಾ ಕಾರಿನ ವಾಂಕೆಲ್ ಎಂಜಿನನ್ನೋ ಕೂಡಿಸಿ, ತಾನೇ ಮಾಡಿದ ಗೇರು ಪೆಟ್ಟಿಗೆಯನ್ನು ಇಟ್ಟವನು ಮಾತ್ರ ಒಂಟಿಯಾಗಿ ಬರುತ್ತಾನೆ. ಆತನ ಯಂತ್ರ ಲೈಕಮಿಂಗಿಗಿಂತ ಉತ್ತಮವೇ ಆಗಿರಬಹುದು. ಹಾಗೆಂದು ಸಾಧಿಸಲು ಆತನಲ್ಲಿ ಕಾಗದಗಳ ಕಂತೆಯೇ ಇರಬಹುದು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ವಿಮೆಗಾರನೂ ಬಲ್ಲ. ಆತನಿಗೆ ಬೇಕಾದದ್ದು ಯಂತ್ರದ ಗುಣವಲ್ಲ, ಯಂತ್ರದ ಬಳಗ.

ರಸ್ತೆಯಿಂದ ಆಕಾಶಕ್ಕೆ

ಹಾಗಾದರೆ ವಿಮೆಗಾರನ ಹಿಂಜರಿಕೆಯೆಲ್ಲ ಕೇವಲ ಲೆಕ್ಕದ ಪುಸ್ತಕದ್ದೋ, ಅಥವಾ ಕಾರಿನ ಎಂಜಿನಿನಲ್ಲಿ ನಿಜವಾಗಿಯೂ ದೋಷವಿದೆಯೋ? ಇದಕ್ಕೆ ಯಂತ್ರಶಾಸ್ತ್ರದ ಉತ್ತರ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದದ್ದು.

ಕಾರು ಸಮತಟ್ಟಾದ ರಸ್ತೆಯಲ್ಲಿ ಸರಾಗವಾಗಿ ಓಡುವಾಗ ತನ್ನ ಎಂಜಿನಿನ ಪೂರ್ಣ ಶಕ್ತಿಯಲ್ಲಿ ಸಣ್ಣದೊಂದು ಪಾಲನ್ನು ಮಾತ್ರ ಬಳಸುತ್ತದೆ. ವಿಮಾನದ ಕಥೆ ಬೇರೆ. ನೆಲ ಬಿಡುವಾಗ ಪೂರ್ಣ ಶಕ್ತಿ ಬೇಕು. ಮೇಲೇರಿದ ಬಳಿಕವೂ ಗಂಟೆಗಟ್ಟಲೆ ನೂರಕ್ಕೆ ಅರುವತ್ತೈದು ಎಪ್ಪತ್ತೈದರಷ್ಟು ಶಕ್ತಿಯಿಂದ ದುಡಿಯಬೇಕು. ಕಾರಿನ ಎಂಜಿನಿಗೆ ಇದು ದಿನವೆಲ್ಲ ಘಾಟಿ ಹತ್ತಿದಂತೆ.

ಎರಡನೆಯದು ವೇಗ. ಆರಡಿ ವ್ಯಾಸದ ಪ್ರೊಪೆಲ್ಲರು ನಿಮಿಷಕ್ಕೆ ೨,೭೦೦ ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು ೨೬೦ ಮೀಟರು ವೇಗದಲ್ಲಿ ಓಡುತ್ತದೆ. ೫,೦೦೦ ಸುತ್ತು ತಿರುಗಿದರೆ ಆ ವೇಗ ಸುಮಾರು ೪೮೦ ಮೀಟರಾಗುತ್ತದೆ. ಶಬ್ದದ ವೇಗವೇ ೩೪೦ ಮೀಟರಿನಷ್ಟು. ಅದನ್ನು ಮೀರಿದ ಪ್ರೊಪೆಲ್ಲರು ಗಾಳಿಯನ್ನು ಹಿಂದಕ್ಕೆ ತಳ್ಳುವುದನ್ನು ಬಿಟ್ಟು ಆರ್ಭಟಿಸತೊಡಗುತ್ತದೆ. ಆದ್ದರಿಂದ ವಿಮಾನದ ಎಂಜಿನು ಗಾತ್ರದಲ್ಲಿ ದೊಡ್ಡದಾಗಿ, ನಿಧಾನವಾಗಿ ತಿರುಗುವಂತೆ ರಚಿತವಾಗಿದೆ. ಕಾರಿನ ಎಂಜಿನು ಚಿಕ್ಕದಾಗಿ, ಐದಾರು ಸಾವಿರ ಸುತ್ತು ತಿರುಗಿದಾಗಲೇ ತನ್ನ ಪೂರ್ಣ ಶಕ್ತಿಯನ್ನು ಕೊಡುತ್ತದೆ. ಇವೆರಡನ್ನೂ ಹೊಂದಿಸಲು ನಡುವೆ ಗೇರುಗಳನ್ನೋ ಪಟ್ಟಿಯನ್ನೋ ಇಡಬೇಕು. ಇಟ್ಟ ಕೂಡಲೇ ಹೊಸ ಶತ್ರುವೊಂದು ಹುಟ್ಟಿತು: ತಿರುಚು ಕಂಪನ. ಎಂಜಿನಿನ ಒಂದೊಂದು ಸ್ಫೋಟವೂ ದಂಡವನ್ನು ಕೊಂಚ ತಿರುಚುತ್ತದೆ. ಭಾರವಾದ ಪ್ರೊಪೆಲ್ಲರು ಅತ್ತ ಕಡೆಯಿಂದ ತಡೆಯುತ್ತದೆ. ಈ ತಿರುಚಾಟದ ತಾಳ ಯಾವುದಾದರೊಂದು ವೇಗದಲ್ಲಿ ದಂಡದ ಸಹಜ ತಾಳದೊಡನೆ ಕೂಡಿಬಿಟ್ಟರೆ ಗಟ್ಟಿಯಾದ ಉಕ್ಕೂ ದಣಿದು ಬಿರಿಯುತ್ತದೆ.

ಗೇರೇ ಬೇಡವೆಂದು ಪ್ರೊಪೆಲ್ಲರನ್ನು ನೇರವಾಗಿ ಎಂಜಿನಿನ ಕ್ರ್ಯಾಂಕ್ ದಂಡಕ್ಕೆ ಬಿಗಿದರೆ? ಹಾಗೆ ಮಾಡಿದವರೂ ಉಂಟು. ಷೆವ್ರೊಲೆ ಕಂಪನಿ ೧೯೬೦ರಿಂದ ೧೯೬೯ರವರೆಗೆ ತಯಾರಿಸಿದ ಕಾರ್ವೇರ್ ಎಂಬ ಕಾರಿನಲ್ಲಿ ಗಾಳಿಯಿಂದಲೇ ತಂಪಾಗುವ ಆರು ಸಿಲಿಂಡರಿನ ಎಂಜಿನಿತ್ತು. ಪೀಟನ್‌ಪೋಲ್ ಅದನ್ನೂ ತನ್ನ ವಿಮಾನಕ್ಕೆ ಅಳವಡಿಸಿದನು. ಆತನನ್ನು ಅನುಸರಿಸಿದವರು ಬಹುಮಂದಿ. ಆದರೆ ಕಾರಿನಲ್ಲಿ ಕ್ರ್ಯಾಂಕ್ ದಂಡ ಹೊರಬೇಕಾದದ್ದು ತಿರುಗಿಸುವ ಭಾರವನ್ನು ಮಾತ್ರ. ವಿಮಾನದಲ್ಲಿ ಪ್ರೊಪೆಲ್ಲರಿನ ಎಳೆತವೂ, ವಿಮಾನ ತಿರುಗಿದಾಗ ಬುಗುರಿಯಂತೆ ಅದು ದಂಡವನ್ನು ಬಗ್ಗಿಸುವ ಬಲವೂ ಸೇರುತ್ತದೆ. ವೇಗದ ವಿಮಾನಗಳಲ್ಲಿ ಕೆಲವು ಕಾರ್ವೇರ್ ದಂಡಗಳು ಮುರಿದವು. ಹವ್ಯಾಸಿಗಳು ಎದೆಗುಂದಲಿಲ್ಲ, ಉಕ್ಕಿನ ಮೇಲ್ಮೈಯನ್ನು ನೈಟ್ರೋಜನ್ನಿನಿಂದ ಗಡುಸುಗೊಳಿಸಿ, ಮುಂತುದಿಯಲ್ಲಿ ಹೆಚ್ಚಿನ ಬೇರಿಂಗೊಂದನ್ನು ಸೇರಿಸಿ ಪರಿಹಾರ ಕಂಡುಕೊಂಡರು. ಇದು ಮೆಚ್ಚಬೇಕಾದ ಸಾಹಸವೇ. ಆದರೆ ವಿಮೆಗಾರನ ಕಡೆಯಿಂದ ನೋಡಿದರೆ, ತೊಂದರೆ ಗೊತ್ತಾದದ್ದು ಹಾರುವಾಗ.

ಇನ್ನೊಂದು ಉದಾಹರಣೆ ಸಾಕು. ಮನೆಯಲ್ಲಿ ಕಟ್ಟುವ ವಿಮಾನಗಳ ರೂಪವನ್ನೇ ಬದಲಿಸಿದ ಬರ್ಟ್ ರುಟಾನ್ ೧೯೭೫ರಲ್ಲಿ ‘ವೇರಿ-ಈಝಿ’ ಎಂಬ ತನ್ನ ಪುಟ್ಟ ವಿಮಾನವನ್ನು ಮೊದಲು ಹಾರಿಸಿದ್ದು ಫೋಕ್ಸ್‌ವ್ಯಾಗನ್ ಕಾರಿನ ಎಂಜಿನಿನಿಂದ. ಆದರೆ ಜನರಿಗೆ ಮಾರಿದ ನಕ್ಷೆಯ ವಿಮಾನವನ್ನು ಆತ ಕಾಂಟಿನೆಂಟಲ್ ಕಂಪನಿಯ ವಿಮಾನ ಎಂಜಿನಿಗಾಗಿ ಬೇರೆಯಾಗಿ ರೂಪಿಸಿದನು.

ಇಷ್ಟಾದರೂ, ಕಾರಿನ ಎಂಜಿನಿನ ಹೊಟ್ಟೆಯೊಳಗಿನ ಭಾಗಗಳು ತಾವಾಗಿ ಕೆಟ್ಟು ವಿಮಾನ ಬೀಳುವುದಕ್ಕಿಂತ, ಹೊರಗಿನ ಸಲಕರಣೆಗಳು ಕೈಕೊಟ್ಟು ಬೀಳುವುದೇ ಹೆಚ್ಚು ಭಯಕ್ಕೆ ಕಾರಣ. ಹಳೆಯ ಬಗೆಯ ವಿಮಾನ ಎಂಜಿನಿಗೆ ಸಿಲಿಂಡರೊಂದಕ್ಕೆ ಎರಡು ಸ್ಪಾರ್ಕ್ ಪ್ಲಗ್ಗುಗಳು, ಅವಕ್ಕೆ ಎರಡು ಪ್ರತ್ಯೇಕ ಮ್ಯಾಗ್ನೆಟೊಗಳು. ಬ್ಯಾಟರಿ ಸತ್ತರೂ ಎಂಜಿನು ಸಾಯುವುದಿಲ್ಲ. ತಂಪಾಗಲು ಗಾಳಿ ಸಾಕು. ಸೋರಿಹೋಗಲು ನೀರೇ ಇಲ್ಲ. ಕಾರಿನ ಎಂಜಿನಿಗೆ ಬ್ಯಾಟರಿ ಬೇಕು, ವಿದ್ಯುತ್ ಪಂಪು ಬೇಕು, ವಿದ್ಯುನ್ಮಾನದ ಮಿದುಳು ಬೇಕು, ರೇಡಿಯೇಟರು ಬೇಕು, ಅದಕ್ಕೆ ರಬ್ಬರಿನ ಕೊಳವೆಗಳು ಬೇಕು. ಇವನ್ನೆಲ್ಲ ಆಯ್ದು, ಜೋಡಿಸಿ, ತಂತಿ ಎಳೆದವನು ಗರಾಜಿನಲ್ಲಿ ಕುಳಿತ ಒಬ್ಬ ಹವ್ಯಾಸಿ. ಫೋಕ್ಸ್‌ವ್ಯಾಗನ್ ಕಂಪನಿ ಎಂಜಿನಿಗೆ ಉತ್ತರ ಹೇಳಬಹುದು. ಆ ತಂತಿಗೆ ಉತ್ತರ ಹೇಳುವವರು ಯಾರು?

ಇಪ್ಪತ್ತೈದೋ ನಲವತ್ತೋ?

ಈ ವ್ಯತ್ಯಾಸವನ್ನು ಅಮೆರಿಕದ ಸರಕಾರವೂ ಅಂಕಿಯಲ್ಲಿ ಗುರುತಿಸಿದೆ. ಹೊಸದಾಗಿ ಕಟ್ಟಿದ ವಿಮಾನ ಮೊದಲು ಪರೀಕ್ಷಾ ಹಾರಾಟದ ಅವಧಿಯನ್ನು ಮುಗಿಸಬೇಕು. ಆಗ ಅದು ಜನವಸತಿಯಿಂದ ದೂರವಾದ, ಗೊತ್ತುಪಡಿಸಿದ ಪ್ರದೇಶವನ್ನು ಬಿಟ್ಟು ಹೋಗಕೂಡದು, ಪ್ರಯಾಣಿಕರನ್ನು ಕೂರಿಸಿಕೊಳ್ಳಕೂಡದು. ಎಂಜಿನು ಮತ್ತು ಪ್ರೊಪೆಲ್ಲರಿನ ಜೋಡಿ ಸರಕಾರದಿಂದ ಪ್ರಮಾಣಿತವಾದದ್ದಾದರೆ ಈ ಅವಧಿ ವಾಡಿಕೆಯಲ್ಲಿ ೨೫ ಗಂಟೆ. ಅಲ್ಲವಾದರೆ ೪೦ ಗಂಟೆ. ಮುಂದೆಂದಾದರೂ ಎಂಜಿನನ್ನು ಬದಲಾಯಿಸಿ ಬೇರೆ ಜಾತಿಯದನ್ನು ಇಟ್ಟರೆ ಮತ್ತೆ ಕೆಲವು ಗಂಟೆಗಳ ಪರೀಕ್ಷೆ ತಪ್ಪಿದ್ದಲ್ಲ.

ವಿಮಾನದ ಬಾಳಿನಲ್ಲಿ ಅತ್ಯಂತ ಅಪಾಯದ ಹೊತ್ತು ಇದೇ ಆದ್ದರಿಂದ, ವಿಮೆಗಾರರ ನಡತೆಯೂ ಇಲ್ಲಿ ಬಗೆಬಗೆಯಾಗಿದೆ. ಕೆಲವರು ಮೊದಲ ಹಾರಾಟದಿಂದಲೇ ಹೊಣೆ ಹೊರುತ್ತಾರೆ, ಆದರೆ ಚಾಲಕನು ಅದೇ ಜಾತಿಯ ಬೇರೊಂದು ವಿಮಾನದಲ್ಲಿ ಗುರುವಿನೊಡನೆ ಇಷ್ಟು ಗಂಟೆ ಅಭ್ಯಾಸ ಮಾಡಿರಬೇಕೆನ್ನುತ್ತಾರೆ. ಕೆಲವರು ‘ಮೊದಲು ಒಂದಿಷ್ಟು ಗಂಟೆ ಹಾರಿಸಿ ಬನ್ನಿ, ಆಮೇಲೆ ಮಾತನಾಡೋಣ’ ಎನ್ನುತ್ತಾರೆ. ಈಜು ಕಲಿತ ಮೇಲೆ ನೀರಿಗೆ ಇಳಿ ಎಂದಂತೆ ಇದು ಕಟ್ಟಿದವನ ಕಿವಿಗೆ ಕೇಳಿದರೆ ಆಶ್ಚರ್ಯವಿಲ್ಲ.

೨೦೧೨ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಇಂಥ ವಿಮಾನಗಳನ್ನೇ ಕುರಿತು ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿತು. ಆಗ ಆ ದೇಶದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳು ಸುಮಾರು ೩೩,೦೦೦. ಸಣ್ಣ ವಿಮಾನಗಳ ಒಟ್ಟು ಬಳಗದಲ್ಲಿ ಅವು ನೂರಕ್ಕೆ ಹತ್ತರಷ್ಟು. ಆದರೆ ೨೦೧೧ರ ಅಪಘಾತಗಳಲ್ಲಿ ಅವುಗಳ ಪಾಲು ನೂರಕ್ಕೆ ೧೫, ಪ್ರಾಣಹಾನಿಯಾದ ಅಪಘಾತಗಳಲ್ಲಿ ೨೧. ರೆಕ್ಕೆ ಮುರಿದು ಬಿದ್ದವು ವಿರಳ. ಎಂಜಿನು ನಿಂತುಹೋದದ್ದು, ಚಾಲಕನ ಹತೋಟಿ ತಪ್ಪಿದ್ದು, ಇವೆರಡೇ ಮುಖ್ಯ ಕಾರಣಗಳು. ಮಂಡಳಿ ಮಾಡಿದ ಸಲಹೆಗಳಲ್ಲಿ ಒಂದು, ಮೊದಲ ಹಾರಾಟಕ್ಕೆ ಮುನ್ನ ಪೆಟ್ರೋಲು ಹರಿಯುವ ವ್ಯವಸ್ಥೆಯನ್ನು ನೆಲದ ಮೇಲೆಯೇ ಪರೀಕ್ಷಿಸಿ ಬರೆದಿಡಬೇಕೆಂಬುದು. ಇನ್ನೂ ಕುತೂಹಲಕರವಾದ ಸಂಗತಿಯೆಂದರೆ, ಮಂಡಳಿ ಆ ವರ್ಷ ಪರಿಶೀಲಿಸಿದ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಟ್ಟಿದವರ ಕೈಯಲ್ಲಿ ಆದವಲ್ಲ; ಅವರಿಂದ ಕೊಂಡವರ ಕೈಯಲ್ಲಿ.

ಗಾಯಕನ ಕೊನೆಯ ಹಾರಾಟ

ಈ ಕೊನೆಯ ಮಾತಿಗೆ ಲೋಕಪ್ರಸಿದ್ಧವಾದ ನಿದರ್ಶನವೊಂದಿದೆ. ಅಮೆರಿಕದ ಜನಪ್ರಿಯ ಗಾಯಕ ಜಾನ್ ಡೆನ್ವರ್ ೧೯೯೭ರ ಅಕ್ಟೋಬರಿನಲ್ಲಿ ‘ಲಾಂಗ್-ಈಝಿ’ ಎಂಬ ವಿಮಾನವನ್ನು ಕೊಂಡನು. ಅದೂ ರುಟಾನನ ನಕ್ಷೆಯದೇ. ಬೇರೊಬ್ಬರು ಮನೆಯಲ್ಲಿ ಕಟ್ಟಿದ್ದು. ಅದರ ಎಂಜಿನು ಕಾರಿನದಲ್ಲ, ಲೈಕಮಿಂಗ್ ಕಂಪನಿಯದೇ. ಆದರೆ ಒಂದು ಪೆಟ್ರೋಲು ತೊಟ್ಟಿಯಿಂದ ಇನ್ನೊಂದಕ್ಕೆ ಬದಲಾಯಿಸುವ ಹಿಡಿಕೆಯನ್ನು, ನಕ್ಷೆಯಲ್ಲಿದ್ದಂತೆ ಚಾಲಕನ ಕಾಲುಗಳ ನಡುವೆ ಇಡದೆ, ಕಟ್ಟಿದವರು ಆತನ ಎಡ ಭುಜದ ಹಿಂದೆ ಇಟ್ಟಿದ್ದರು. ಅದರ ಮೇಲೆ ಗುರುತುಗಳೂ ಇರಲಿಲ್ಲ. ಅಕ್ಟೋಬರ್ ೧೨ರಂದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ಮೇಲೆ ಹಾರುತ್ತಿದ್ದಾಗ ವಿಮಾನ ಸಮುದ್ರಕ್ಕೆ ಬಿದ್ದು ಡೆನ್ವರ್ ಮರಣ ಹೊಂದಿದನು. ಹಿಂದೆ ತಿರುಗಿ ಹಿಡಿಕೆಯನ್ನು ಎಟುಕಿಸಿಕೊಳ್ಳುವ ಪ್ರಯತ್ನದಲ್ಲಿ ಅರಿಯದೆ ಕಾಲು ಬಲಗಡೆಯ ಚುಕ್ಕಾಣಿ ಪೆಡಲನ್ನು ಒತ್ತಿ ಹತೋಟಿ ತಪ್ಪಿರಬೇಕೆಂದು ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಹೊರಡುವ ಮುನ್ನ ಪೆಟ್ರೋಲು ತುಂಬಿಸಿಕೊಳ್ಳದಿದ್ದುದು, ಈ ಜಾತಿಯ ವಿಮಾನದಲ್ಲಿ ಆತನಿಗೆ ಅನುಭವವಿಲ್ಲದ್ದು ಸಹ ಕಾರಣಗಳ ಪಟ್ಟಿಯಲ್ಲಿವೆ.

ಪ್ರಮಾಣಿತ ಜಾತಿಯ ಎಂಜಿನಿರುವ, ಸಾವಿರಾರು ಜನ ಮೆಚ್ಚಿದ ನಕ್ಷೆಯ ವಿಮಾನದಲ್ಲಿಯೇ ಒಂದು ಹಿಡಿಕೆಯ ಸ್ಥಾನಾಂತರ ಇಷ್ಟು ಮಾಡಿತು. ಹಾಗಿದ್ದರೆ ಪ್ರತಿಯೊಂದು ಕೊಳವೆಯೂ ಪ್ರತಿಯೊಂದು ತಂತಿಯೂ ಕಟ್ಟಿದವನ ಸ್ವಂತ ಕಲ್ಪನೆಯಾಗಿರುವ ವಿಮಾನವನ್ನು, ಕಟ್ಟಿದವನಲ್ಲದ ಮತ್ತೊಬ್ಬನು ಕೊಂಡು ಹಾರಿಸಿದರೆ? ವಿಮೆಗಾರನ ಅರ್ಜಿಯಲ್ಲಿ ‘ಕಟ್ಟಿದವರು ನೀವೋ, ಇತರರೋ?’ ಎಂಬ ಪ್ರಶ್ನೆ ಬರುವುದು ಈ ಕಾರಣದಿಂದ.

ಸತ್ಯ ನುಡಿಯಬೇಕೆಂಬುದು ವಿಮೆಯ ಮೊದಲ ಷರತ್ತು. ಅರ್ಜಿದಾರನಿಗೆ ಗೊತ್ತಿದ್ದು ವಿಮೆಗಾರನಿಗೆ ಗೊತ್ತಿಲ್ಲದ ಮುಖ್ಯ ಸಂಗತಿಯನ್ನು ಮರೆಮಾಚಿದರೆ ಕರಾರು ನಿಲ್ಲದೆಂದು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ೧೭೬೬ರಷ್ಟು ಹಿಂದೆಯೇ ನಿರೂಪಿಸಿದನು. ಕಂತು ಉಳಿಸಲೆಂದು ಎಂಜಿನಿನ ಹೆಸರನ್ನು ಅಸ್ಪಷ್ಟವಾಗಿ ಬರೆದವನು, ವಿಮೆ ಮಾಡಿಸಿದ ಮೇಲೆ ಎಂಜಿನು ಬದಲಿಸಿ ಸುಮ್ಮನಿದ್ದವನು, ಪರೀಕ್ಷೆಯ ಗಂಟೆಗಳು ಮುಗಿಯುವ ಮುನ್ನ ಭಾವಮೈದುನನನ್ನು ಕೂರಿಸಿಕೊಂಡು ಸುತ್ತಿಸಿದವನು, ಇವರೆಲ್ಲ ಕಂತು ಕಟ್ಟಿಯೂ ವಿಮೆಯಿಲ್ಲದವರೇ. ಅಪಘಾತವಾದ ಮೇಲೆ ಆ ಕಾಗದವನ್ನು ಹಿಡಿದು ಕಚೇರಿಗೆ ಅಲೆಯಬೇಕಾದವರು ಮನೆಯವರು.

ವಿಚಿತ್ರವು ವಾಡಿಕೆಯಾದದ್ದು

ಹಾಗೆಂದು ವಿಮೆಗಾರನ ‘ಬೇಡ’ ಶಾಶ್ವತವೆಂದು ತಿಳಿಯಬೇಕಾಗಿಲ್ಲ. ಆಸ್ಟ್ರಿಯ ದೇಶದ ರೋಟಾಕ್ಸ್ ಕಂಪನಿಯ ಕಥೆ ಇದಕ್ಕೆ ಸಾಕ್ಷಿ. ಹಿಮದ ಮೇಲೆ ಜಾರುವ ವಾಹನಗಳಿಗೆ ಎಂಜಿನು ಒದಗಿಸುತ್ತಿದ್ದ ಈ ಕಂಪನಿಯ ಎರಡು ಹೊಡೆತದ ಸಣ್ಣ ಎಂಜಿನುಗಳನ್ನು ಹವ್ಯಾಸಿಗಳು ತಮ್ಮ ಹಗುರ ವಿಮಾನಗಳಿಗೆ ಕಟ್ಟಿಕೊಂಡರು. ಈ ಎಂಜಿನು ಥಟ್ಟನೆ ನಿಂತುಹೋಗಬಹುದೆಂದು ಕಂಪನಿಯೇ ತನ್ನ ಕೈಪಿಡಿಯಲ್ಲಿ ಎಚ್ಚರಿಸುತ್ತಿತ್ತು! ೧೯೮೦ರ ದಶಕದ ಕೊನೆಗೆ ಕಂಪನಿ ವಿಮಾನಕ್ಕೆಂದೇ ‘೯೧೨’ ಎಂಬ ನಾಲ್ಕು ಹೊಡೆತದ ಎಂಜಿನನ್ನು ತಂದಿತು. ಅದರ ಲಕ್ಷಣಗಳನ್ನು ನೋಡಿ: ನಿಮಿಷಕ್ಕೆ ೫,೮೦೦ ಸುತ್ತು, ನಡುವೆ ಗೇರು ಪೆಟ್ಟಿಗೆ, ಸಿಲಿಂಡರಿನ ತಲೆಗೆ ನೀರಿನ ತಂಪು, ಅದಕ್ಕೊಂದು ರೇಡಿಯೇಟರು. ಕಾರಿನ ಎಂಜಿನಿನ ಮೇಲೆ ಹೊರಿಸಿದ ಆರೋಪಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದರ ಮೇಲೂ ನಿಲ್ಲುತ್ತವೆ. ಆದರೆ ಕಿಡಿಯ ವ್ಯವಸ್ಥೆಯನ್ನು ಜೋಡಿಯಾಗಿ ಇಟ್ಟು, ಗೇರನ್ನು ಕಾರ್ಖಾನೆಯಲ್ಲಿಯೇ ಕೂಡಿಸಿ, ಪ್ರತಿಯೊಂದು ಎಂಜಿನೂ ಮತ್ತೊಂದರ ಪಡಿಯಚ್ಚಾಗಿರುವಂತೆ ಸಾವಿರ ಸಾವಿರವಾಗಿ ತಯಾರಿಸಿದರು. ಬಳಗ ಹುಟ್ಟಿತು, ಬಳಗದೊಡನೆ ಲೆಕ್ಕ ಹುಟ್ಟಿತು, ಲೆಕ್ಕದೊಡನೆ ವಿಮೆ ಬಂತು.

ಬೆಂಗಳೂರಿನವರಿಗೂ ಈ ಎಂಜಿನು ಅಪರಿಚಿತವಲ್ಲ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರೂಪಿಸಿದ ಎರಡು ಆಸನದ ತರಬೇತಿ ವಿಮಾನ ‘ಹಂಸ-೩’ರ ಮೂತಿಯಲ್ಲಿರುವುದು ರೋಟಾಕ್ಸ್ ೯೧೪; ೨೦೨೧ರಲ್ಲಿ ಮೊದಲು ಹಾರಿದ ಅದರ ಹೊಸ ರೂಪದಲ್ಲಿಯೂ ರೋಟಾಕ್ಸೇ. ಅದಕ್ಕೂ ಹಿಂದೆ, ೧೯೮೭ರಲ್ಲಿ, ಅದೇ ಪ್ರಯೋಗಾಲಯ ಹಾರಿಸಿದ ಪ್ರಾಯೋಗಿಕ ವಿಮಾನವೊಂದು ರುಟಾನನ ಲಾಂಗ್-ಈಝಿಯನ್ನೇ ಆಧರಿಸಿದ್ದಾಗಿತ್ತು. ಅಮೆರಿಕದ ಗರಾಜುಗಳಲ್ಲಿ ಹುಟ್ಟಿದ ವಿದ್ಯೆ ಹಳೆಯ ವಿಮಾನ ನಿಲ್ದಾಣದ ರಸ್ತೆಯವರೆಗೂ ಬಂದಿತೆಂದು ಹೇಳಿದರೆ ಅತಿಶಯವಾಗದು.

ಲೆಕ್ಕಕ್ಕೆ ಕುಳಿತಾಗ

ಹಾಗಾದರೆ ಬಳಗವಿಲ್ಲದ ಎಂಜಿನನ್ನು ಕಟ್ಟಿಕೊಂಡವನ ಗತಿಯೇನು? ವಿಮಾನದ ವಿಮೆಯಲ್ಲಿ ಎರಡು ಭಾಗಗಳುಂಟು. ಮೊದಲನೆಯದು ಹೊಣೆಯ ವಿಮೆ: ವಿಮಾನ ಬಿದ್ದು ಇತರರ ಮನೆ, ಜೀವ, ಅವಯವಗಳಿಗೆ ಹಾನಿಯಾದರೆ ಅದನ್ನು ತುಂಬಿಕೊಡುವುದು. ಅಮೆರಿಕದಲ್ಲಿ ಇದಕ್ಕೆ ರೂಢಿಯಲ್ಲಿರುವ ಮಿತಿ ಒಂದು ಅಪಘಾತಕ್ಕೆ ಹತ್ತು ಲಕ್ಷ ಡಾಲರು, ಅದರೊಳಗೆ ಒಬ್ಬೊಬ್ಬ ಪ್ರಯಾಣಿಕನಿಗೆ ಒಂದು ಲಕ್ಷ. ಎರಡನೆಯದು ವಿಮಾನದ ಒಡಲಿಗೆ ಮಾಡಿಸುವ ವಿಮೆ: ವಿಮಾನವೇ ಜಖಂ ಆದರೆ ಒಡೆಯನಿಗೆ ಸಲ್ಲುವ ಹಣ.

ವಿಚಿತ್ರ ಎಂಜಿನಿನವನಿಗೆ ಮೊದಲನೆಯದು ಕೊಂಚ ಸುಲಭ. ಹಗುರವಾದ, ಎರಡು ಆಸನದ ವಿಮಾನ ಹೊಲದಲ್ಲಿ ಇಳಿದರೆ ಹೊರಗಿನವರಿಗೆ ಆಗುವ ನಷ್ಟ ಎಂಜಿನಿನ ಜಾತಿಯನ್ನು ಅವಲಂಬಿಸಿಲ್ಲ. ಯೂರೋಪಿನ ಕಡ್ಡಾಯ ನಿಯಮವೂ ಕನಿಷ್ಠ ಮೊತ್ತವನ್ನು ನಿಗದಿ ಮಾಡುವುದು ವಿಮಾನದ ತೂಕವನ್ನು ನೋಡಿಯೇ ಹೊರತು ಎಂಜಿನನ್ನು ನೋಡಿ ಅಲ್ಲ. ತೊಡಕಿರುವುದು ಒಡಲಿನ ವಿಮೆಯಲ್ಲಿ. ಇದರಲ್ಲಿ ವಿಮಾನದ ಬೆಲೆಯನ್ನು ಮೊದಲೇ ಇಬ್ಬರೂ ಒಪ್ಪಿ ಬರೆದುಕೊಳ್ಳುತ್ತಾರೆ. ಸಾವಿರಾರು ಗಂಟೆಗಳ ತನ್ನ ದುಡಿಮೆಗೆ ಒಡೆಯ ಎಷ್ಟು ಬೆಲೆ ಕಟ್ಟಬೇಕು? ಪೇಟೆಯಲ್ಲಿ ಕಾರಿನ ಎಂಜಿನಿನ ವಿಮಾನಕ್ಕೆ ಗಿರಾಕಿ ಕಡಿಮೆ, ಬೆಲೆಯೂ ಕಡಿಮೆ. ಹೆಚ್ಚು ಬರೆದರೆ ವಿಮೆಗಾರ ಒಪ್ಪುವುದಿಲ್ಲ. ಕಡಿಮೆ ಬರೆದರೆ ಇನ್ನೊಂದು ಸಂಕಟ: ಸಾಧಾರಣವಾದ ಜಖಂ ಆದರೂ ರಿಪೇರಿಯ ಖರ್ಚು ಆ ಮೊತ್ತದ ಸಮೀಪಕ್ಕೆ ಬಂದುಬಿಡುತ್ತದೆ, ಆಗ ವಿಮೆಗಾರ ಬರೆದಷ್ಟು ಹಣ ಎಣಿಸಿಕೊಟ್ಟು ವಿಮಾನವನ್ನೇ ತೆಗೆದುಕೊಂಡು ಹೋಗಬಹುದು. ಸರಿಮಾಡಿಕೊಂಡು ಮತ್ತೆ ಹಾರಿಸಬಹುದಾಗಿದ್ದ ವಿಮಾನ ಕಣ್ಣೆದುರಿಗೇ ಲಾರಿ ಏರುವುದನ್ನು ನೋಡಬೇಕು.

ರಿಪೇರಿಯ ಮಾತಿನಲ್ಲಿಯೂ ಇದೇ ತೊಡಕು. ಇಳಿಯುವಾಗ ಪ್ರೊಪೆಲ್ಲರು ನೆಲಕ್ಕೆ ತಗುಲಿತೆನ್ನಿ. ಲೈಕಮಿಂಗ್ ಎಂಜಿನಾದರೆ ಯಾವ ಕಾರ್ಯಾಗಾರಕ್ಕೆ ಒಯ್ಯಬೇಕು, ಬಿಚ್ಚಿ ನೋಡಲು ಎಷ್ಟು, ಬಿಡಿಭಾಗಕ್ಕೆ ಎಷ್ಟು ಎಂಬ ಪಟ್ಟಿ ಸಿದ್ಧವಾಗಿದೆ. ಒಡೆಯನೇ ಕಡೆದ ಗೇರು ಪೆಟ್ಟಿಗೆಗೆ ದರಪಟ್ಟಿ ಎಲ್ಲಿಯದು? ಅದನ್ನು ಬಲ್ಲ ಮೇಸ್ತ್ರಿ ಜಗತ್ತಿನಲ್ಲಿ ಒಬ್ಬನೇ. ಆತನೇ ಪರಿಹಾರ ಕೇಳುತ್ತಿರುವವನು.

ಆದಕಾರಣ ಅನೇಕ ವಿಮೆಗಾರರು ಇಂಥ ವಿಮಾನಕ್ಕೆ ಹಾರಾಟದ ಕಾಲದ ಒಡಲ ವಿಮೆಯನ್ನು ಕೊಡುವುದೇ ಇಲ್ಲ. ಕೊಟ್ಟರೂ ಮೂಗಿಗಿಂತ ಮೂಗುತಿ ಭಾರವೆಂಬಂತೆ ಕಂತು ಏರುತ್ತದೆ. ಚಾಲಕನ ಅನುಭವ ಇಲ್ಲಿ ಕೊಂಚ ನೆರವಾದೀತು: ಸಾವಿರ ಗಂಟೆ ಹಾರಿದವನಿಗೂ ನೂರು ಗಂಟೆಯವನಿಗೂ ದರ ಒಂದೇ ಅಲ್ಲ. ಹವ್ಯಾಸಿಗಳ ಸಂಘದ ಬಲವೂ ಉಂಟು; ೧೯೫೩ರಲ್ಲಿ ಪಾಲ್ ಪೊಬರೆಜ್ನಿ ವಿಸ್ಕಾನ್ಸಿನ್ನಿನಲ್ಲಿ ಸ್ಥಾಪಿಸಿದ ಪ್ರಾಯೋಗಿಕ ವಿಮಾನ ಸಂಘದವರು ಸದಸ್ಯರಿಗೆ ಅನುಭವಿ ಸಲಹೆಗಾರರನ್ನು ಒದಗಿಸಿ, ಕಟ್ಟುವಾಗಲೂ ಮೊದಲು ಹಾರುವಾಗಲೂ ತಪ್ಪುಗಳನ್ನು ತೋರಿಸಿಕೊಡುವ ಏರ್ಪಾಡು ಮಾಡಿದ್ದಾರೆ. ಸಂಘದ ಹಿರಿಯರು ಹೊಸಬರಿಗೆ ಕೊಡುವ ಬುದ್ಧಿವಾದ ಬಹಳ ಸರಳ: ಎಂಜಿನನ್ನು ಕೊಳ್ಳುವ ಮುನ್ನ ವಿಮೆಯವರಿಗೆ ಒಂದು ಪತ್ರ ಬರೆದು ಕೇಳಿ. ಹೊಸ ಲೈಕಮಿಂಗಿಗೆ ಹತ್ತಾರು ಸಾವಿರ ಡಾಲರು ಸುರಿಯುವ ಬದಲು ಕಾರಿನ ಎಂಜಿನಿನಿಂದ ಉಳಿಸಿದ ಹಣದಲ್ಲಿ ಎಷ್ಟು ಪಾಲು ಕಂತಿಗೆ ಹೋಗುವುದು, ಎಷ್ಟು ಪಾಲು ನಷ್ಟದ ಭಯಕ್ಕೆ ತೆಗೆದಿಡಬೇಕಾಗುವುದು ಎಂಬುದನ್ನು ಮನೆಯವರೊಡನೆ ಕುಳಿತು ಲೆಕ್ಕ ಹಾಕಲು ಆಗಲೇ ಸಮಯ. ರೆಕ್ಕೆ ಕೂಡಿಸಿದ ಮೇಲಲ್ಲ.

ಲೆಕ್ಕ ಹಾಕಿದ ಮೇಲೂ ಕಾರಿನ ಎಂಜಿನನ್ನೇ ಆರಿಸುವವರು ಇದ್ದಾರೆ. ಅವರಲ್ಲಿ ಬಹುಮಂದಿ ಮಾಡಿಕೊಳ್ಳುವ ಒಪ್ಪಂದ ವಿಚಿತ್ರವಾದರೂ ಪ್ರಾಮಾಣಿಕವಾದದ್ದು. ಇತರರಿಗೆ ಆಗಬಹುದಾದ ಹಾನಿಗೆ ಪೂರ್ಣ ಹೊಣೆಯ ವಿಮೆ ಮಾಡಿಸುತ್ತಾರೆ. ಒಡಲಿಗೆ ಮಾತ್ರ ನಿಂತಿರುವಾಗಿನ ವಿಮೆ ಸಾಕೆನ್ನುತ್ತಾರೆ. ಷೆಡ್ಡಿಗೆ ಬೆಂಕಿ ಬಿದ್ದರೆ, ಆಲಿಕಲ್ಲು ಸುರಿದರೆ, ಕಳ್ಳರು ಬಂದರೆ, ಬಿರುಗಾಳಿಗೆ ಮಾಡು ಕುಸಿದರೆ ವಿಮೆಗಾರ ಹಣ ಕೊಡುತ್ತಾನೆ. ಎಂಜಿನನ್ನು ಚಾಲೂ ಮಾಡಿ ವಿಮಾನ ತನ್ನ ಬಲದಿಂದ ಕದಲಿದ ಕ್ಷಣಕ್ಕೆ ಆತನ ಜವಾಬ್ದಾರಿ ಮುಗಿಯಿತು. ಮೇಲಿರುವಷ್ಟು ಹೊತ್ತೂ ವಿಮಾನ ಒಡೆಯನ ಪಾಲಿನದು. ಸುತ್ತಿ ಬಂದು, ಇಳಿದು, ಎಂಜಿನು ನಿಲ್ಲಿಸಿ, ಮತ್ತೆ ಷೆಡ್ಡಿನೊಳಕ್ಕೆ ತಳ್ಳಿದ ಮೇಲೆ ವಿಮೆ ಪುನಃ ಆರಂಭವಾಗುತ್ತದೆ.